ಚೌಬಾರದ ಸುತ್ತ: ಬೀದರಿನ ಬಿದ್ರಿ ಬೀದಿ ಮತ್ತು ಪೇಟೆ

ಬೀದರಿನ ಹಳೆಯ ಪೇಟೆಯನ್ನು ಕಾಲ್ನಡಿಗೆಯಲ್ಲೇ ನೋಡಬೇಕು. ಬಹಮನಿ ಸುಲ್ತಾನ ಒಂದನೇ ಅಹ್ಮದ್ ಶಾ 15ನೇ ಶತಮಾನದಲ್ಲಿ ಕಲಬುರಗಿಯಿಂದ ಇಲ್ಲಿಗೆ ರಾಜಧಾನಿ ತಂದ. ಅವನ ಕಾಲದ ನಗರ ವಿನ್ಯಾಸ ಈಗಲೂ ಬೀದಿಗಳಲ್ಲಿ ಉಳಿದಿದೆ. ಶಹಾಗಂಜ್, ಫತೇ ದರವಾಜ, ಮಂಗಲಪೇಟ್ ಮೊದಲಾದ ಬಾಗಿಲುಗಳಿಂದ ಒಳಬರುವ ದಾರಿಗಳು ಊರ ನಡುವಿನ ಚೌಬಾರದತ್ತ ಸಾಗುತ್ತವೆ. ಚೌಬಾರವೆಂದರೆ ನಾಲ್ಕು ರಸ್ತೆ ಕೂಡುವಲ್ಲಿ ನಿಂತ, ಸುಮಾರು 71 ಅಡಿ ಎತ್ತರದ ದುಂಡು ಕಾವಲು ಗೋಪುರ. ಹಳೆಯ ಊರು ನಾಲ್ಕು ತಾಲೀಮುಗಳಾಗಿ, ಅಂದರೆ ಗರಡಿಮನೆಗಳ ಹೆಸರಿನ ಕೇರಿಗಳಾಗಿ ಹಂಚಿಹೋಗಿತ್ತು: ನೂರ್ ಖಾನ್, ಸಿದ್ದಿಕ್ ಶಾ, ಮನಿಯಾರ್ ಮತ್ತು ಪನ್ಸಾಲಿ.

ಚೌಬಾರದಿಂದ ಬೀದರ್ ಕೋಟೆಯತ್ತ ಹೊರಟರೆ ಬಿದ್ರಿ, ಅಂದರೆ ಸತುವಿನ ಮಿಶ್ರಲೋಹದಲ್ಲಿ ಬೆಳ್ಳಿ ಕೂರಿಸಿದ ವಸ್ತುಗಳ ಅಂಗಡಿಗಳು ಸಿಗುತ್ತವೆ. ಸಿದ್ದಿಕ್ ಶಾ ತಾಲೀಮಿನ ಓಣಿಗಳಲ್ಲಿ ಕಸುಬುದಾರರ ಮನೆಗಳೂ ಇವೆ. ಒಂದು ವಸ್ತು ಹಲವು ಕೈ ದಾಟಿ ಸಿದ್ಧವಾಗುತ್ತದೆ. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಬೆರೆಸಿ, ಹರಳೆಣ್ಣೆ ಮತ್ತು ರಾಳ ಕಲಸಿದ ಮಣ್ಣಿನ ಅಚ್ಚಿಗೆ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನಯಗೊಳಿಸಿದ ಮೇಲೆ ಮೈಲುತುತ್ತದ ನೀರು ಸವರುತ್ತಾರೆ. ಆಗ ಮೈ ತಾತ್ಕಾಲಿಕವಾಗಿ ಕಪ್ಪಾಗಿ, ಅದರ ಮೇಲೆ ಗೀರಿದ ಚಿತ್ತಾರ ಬೆಳ್ಳಗೆ ಕಾಣುತ್ತದೆ. ಆ ಗೆರೆಗಳನ್ನು ಸಣ್ಣ ಉಳಿಗಳಿಂದ ಕೊರೆದು, ತೋಡಿನೊಳಗೆ ಬೆಳ್ಳಿಯನ್ನು ಬಡಿದು ಕೂರಿಸುತ್ತಾರೆ. ತಂತಿ ಕೂರಿಸಿದರೆ ತಾರಕಶಿ, ತಗಡು ಕೂರಿಸಿದರೆ ತಹನಿಶಾನ್. ಮತ್ತೆ ಅರ ಹಾಕಿ ಬೆಳ್ಳಿಯನ್ನೂ ಲೋಹವನ್ನೂ ಸಮ ಮಾಡುತ್ತಾರೆ.

ಕೊನೆಯ ಘಟ್ಟಕ್ಕೆ ಕೋಟೆಯ ಮಣ್ಣು ಬೇಕು. ಬಿಸಿಲು, ಮಳೆ ತಾಗದ ಹಳೆಯ ಕಟ್ಟಡಗಳ ಒಳಗಿನ ಮಣ್ಣನ್ನು ಆಯ್ದು, ಕೆಲವರು ನಾಲಿಗೆಯಲ್ಲಿ ರುಚಿ ನೋಡಿ ಗುಣ ತಿಳಿಯುತ್ತಾರೆ. ಅದನ್ನು ನವಸಾಗರದೊಂದಿಗೆ ನೀರಿನಲ್ಲಿ ಕಲಸಿ, ಕಾಯಿಸಿದ ದ್ರವದಲ್ಲಿ ವಸ್ತುವನ್ನು ಅದ್ದಿದರೆ ಸತುವಿನ ಮೈ ಕಡುಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಎಣ್ಣೆ ಸವರಿದರೆ ಕಪ್ಪು ಇನ್ನಷ್ಟು ಗಾಢವಾಗುತ್ತದೆ.

ಹುಕ್ಕಾದ ಬುಡ, ಪಾನ್‌ದಾನ್, ಸುರಾಹಿಗಳಿಗೆ ಹಿಂದೆ ಸುಲ್ತಾನರ ಮತ್ತು ನವಾಬರ ಮನೆಗಳೇ ಗಿರಾಕಿಗಳು. ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲೂ ಈ ಬೇಡಿಕೆ ಮುಂದುವರಿಯಿತು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಬಿದ್ರಿ ವಸ್ತುಗಳು ಯುರೋಪಿನವರ ಕಣ್ಣಿಗೆ ಬಿದ್ದವು. ಈಗ ಅಂಗಡಿಗಳಲ್ಲಿ ಹೂದಾನಿ, ಪೆನ್ನಿನ ಸ್ಟ್ಯಾಂಡು, ಓಲೆ, ಪದಕಗಳೇ ಹೆಚ್ಚು. 2006ರಲ್ಲಿ ಬಿದ್ರಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. 2023ರಲ್ಲಿ ಬೀದರಿನ ಬಿದ್ರಿ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಬೆಲೆಯನ್ನು ಮುಖ್ಯವಾಗಿ ಬೆಳ್ಳಿಯ ತೂಕ ಮತ್ತು ಕೆತ್ತನೆಯ ಸೂಕ್ಷ್ಮತೆ ನಿರ್ಧರಿಸುತ್ತವೆ. ಒಳ್ಳೆಯ ಕೆಲಸದಲ್ಲಿ ಬೆಳ್ಳಿ ಮೇಲೆದ್ದಿರುವುದಿಲ್ಲ. ಬೆರಳಾಡಿಸಿದರೆ ಮೈ ಒಂದೇ ಸಮ.

ಅಂಗಡಿಗಳ ಸಾಲು ಮುಗಿಯುತ್ತ ಬಂದಂತೆ ಬಹಮನಿ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ, ಅದರಾಚೆ ಕೋಟೆ. ಮಣ್ಣು ಸಿಗುವ ತಾಣ, ಬಡಿಯುವ ಕೋಣೆ, ಮಾರುವ ಕಟ್ಟೆ ಎಲ್ಲವೂ ಒಂದೇ ನಡಿಗೆಯ ದೂರದಲ್ಲಿವೆ.

ಬಿದ್ರಿಯ ಗಿರಾಕಿ ಹೆಚ್ಚಾಗಿ ಹೊರಗಿನವನಾದರೆ, ಉಳಿದ ಪೇಟೆಯ ಗಿರಾಕಿ ಜಿಲ್ಲೆಯ ರೈತ. ಬೀದರಿನ ಗಾಂಧಿ ಗಂಜ್‌ನ ದಲಾಲಿ ಅಂಗಡಿಗಳಿಗೆ ತೊಗರಿ, ಉದ್ದು, ಹೆಸರು, ಸೋಯಾ ಬರುತ್ತವೆ. ಸುಮಾರು 40 ಕಿ.ಮೀ. ದೂರದ ಭಾಲ್ಕಿಗೆ ರೈಲು ಸಂಪರ್ಕವಿದ್ದು, ಅಲ್ಲಿಯ ಪೇಟೆಯೂ ಬೇಳೆಕಾಳಿನದೇ. ಮಹಾರಾಷ್ಟ್ರ, ತೆಲಂಗಾಣಗಳ ಗಡಿಗೆ ಹತ್ತಿರದ ಔರಾದ್‌ನಲ್ಲಿ ಅಮರೇಶ್ವರ ಗುಡಿಯ ಸುತ್ತ ಊರೂ ಪೇಟೆಯೂ ಬೆಳೆದಿವೆ. ಈ ಮೂರು ಪೇಟೆಗಳಲ್ಲೂ ಚೌಕಾಸಿ ನಡೆಯುವುದು ಕನ್ನಡ, ದಖನಿ, ಮರಾಠಿಗಳು ಬೆರೆತ ಮಾತಿನಲ್ಲಿ. ಸುಗ್ಗಿಯ ದುಡ್ಡು ಬಂದಾಗ ಬಟ್ಟೆ, ಪಾತ್ರೆ, ಚಿನಿವಾರರ ಅಂಗಡಿಗಳಲ್ಲಿ ವ್ಯಾಪಾರ ಏರುತ್ತದೆ. ಬಿದ್ರಿ ಅಂಗಡಿ ಮಾತ್ರ ಪ್ರವಾಸಿಗರನ್ನೂ ದೂರದ ಊರುಗಳ ಆರ್ಡರನ್ನೂ ನೆಚ್ಚಿಕೊಂಡಿದೆ.