ಮಕ್ಕಳ ಮೈಗೆ ಬಿಸಿಲು ಬೇಗ ತಾಗುತ್ತದೆ

ರಾಯಚೂರಿನಲ್ಲಿ ಏಪ್ರಿಲ್ ಬಂತೆಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ. ಅಂಗನವಾಡಿ ನಡೆಸುವ ನಾನು ತಾಯಂದಿರಿಗೆ ಮೊದಲು ಹೇಳುವುದು ಇಷ್ಟೇ: ನಾವು ತಡೆದುಕೊಳ್ಳುವ ಬಿಸಿಲನ್ನು ಮಕ್ಕಳು ತಡೆದುಕೊಳ್ಳಲಾರರು. ತೂಕಕ್ಕೆ ಹೋಲಿಸಿದರೆ ಅವರ ಚರ್ಮದ ಹರವು ಹೆಚ್ಚು, ಬೆವರುವುದು ಕಡಿಮೆ. ಮೈ ಬೇಗ ಕಾಯುತ್ತದೆ. ಆಟದ ಗುಂಗಿನಲ್ಲಿ ಬಾಯಾರಿದ್ದೂ ತಿಳಿಯುವುದಿಲ್ಲ. ಕೇಳಲಿ ಎಂದು ಕಾಯಬೇಡಿ, ನೀರನ್ನೋ ತೆಳು ಮಜ್ಜಿಗೆಯನ್ನೋ ನೀವೇ ಕರೆದು ಕುಡಿಸಿ. ಆರು ತಿಂಗಳೊಳಗಿನ ಕೂಸಿಗೆ ಮಾತ್ರ ನೀರು ಬೇಡ. ಎದೆಹಾಲನ್ನೇ ಮತ್ತೆ ಮತ್ತೆ ಕೊಡಿ.

ಮಧ್ಯಾಹ್ನದ ಆಟವೆಲ್ಲ ನೆರಳಲ್ಲೇ. ಜಾರುಬಂಡೆಯ ತಗಡನ್ನು ಮೊದಲು ನಿಮ್ಮ ಅಂಗೈಯಿಂದ ಮುಟ್ಟಿ ನೋಡಿ. ಎಳೆಯ ತೊಡೆ ಕ್ಷಣದಲ್ಲಿ ಸುಟ್ಟೀತು. ಸಡಿಲ ಹತ್ತಿಬಟ್ಟೆ, ಅಗಲ ಅಂಚಿನ ಟೋಪಿ ಸಾಕು. ಮದುವೆಗೆಂದು ಕೂಸಿಗೆ ನೈಲಾನ್ ಫ್ರಾಕ್ ತೊಡಿಸಿ ಮಟಮಟ ಮಧ್ಯಾಹ್ನ ಬಸ್ಸು ಹತ್ತುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಮಗು ಮಂಕಾಗಿದೆಯೇ, ತುಟಿ ಒಣಗಿದೆಯೇ, ಉಚ್ಚೆ ಕಡಿಮೆಯಾಗಿ ಕಡು ಹಳದಿಯಾಗಿದೆಯೇ? ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಬೆರೆಸಿ, ಗುಟುಕು ಗುಟುಕಾಗಿ ಕುಡಿಸಿ. ಮೈ ಕಾದು ಎಚ್ಚರ ತಪ್ಪುತ್ತಿದ್ದರೆ ಬಾಯಿಗೆ ಏನೂ ಹಾಕಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೆ ನೆರಳಲ್ಲಿ ಮಲಗಿಸಿ, ಬಟ್ಟೆ ಬಿಚ್ಚಿ, ಮೈಗೆ ನೀರು ಹಚ್ಚುತ್ತಾ ಗಾಳಿ ಹಾಕುತ್ತಿರಿ.