ಡಬ್ಬಿಯ ಮೇಲಿನ ಬರಹ ಯಾರಿಗಾಗಿ?



ಗಂಗಾವತಿಯ ಭತ್ತದ ಗದ್ದೆಗಳಲ್ಲಿ ಕಂದು ಜಿಗಿಹುಳು ಕಂಡೊಡನೆ ಅಂಗಡಿಗೆ ಓಡುತ್ತೀರಿ. “ಕೆಂಪು ಗುರುತಿನ ಎಣ್ಣೆ ಕೊಡ್ರಿ, ಅದ ಜೋರು” ಎನ್ನುವವರುಂಟು. ಇದು ತಪ್ಪು ತಿಳಿವಳಿಕೆ.

1971ರ ಕೀಟನಾಶಕ ನಿಯಮಗಳಂತೆ ಡಬ್ಬಿಯ ಮೇಲೆ ಬಣ್ಣದ ತ್ರಿಕೋನವಿರುತ್ತದೆ. ಕೆಂಪು ಅತ್ಯಂತ ವಿಷಕಾರಿ. ಹಳದಿ, ನೀಲಿ, ಹಸಿರು ಕ್ರಮವಾಗಿ ಕಡಿಮೆ. ಅಕ್ಷರ ಬಾರದವರೂ ಗುರುತಿಸಬಲ್ಲ ಈ ಬಣ್ಣ ತಿಳಿಸುವುದು ಹುಳು ಸಾಯುವ ಬಗೆಯನ್ನಲ್ಲ, ನಿಮ್ಮ ಜೀವಕ್ಕಿರುವ ಅಪಾಯವನ್ನು. ಹಸಿರೂ ವಿಷವೇ.

ತಪ್ಪು ನಮ್ಮದೂ ಉಂಟು. “ಹೆಕ್ಟೇರಿಗೆ 500 ಮಿ.ಲೀ.” ಎಂದು ಕರಪತ್ರ ಬರೆದು ಸುಮ್ಮನಾಗುತ್ತೇವೆ. ನಿಮ್ಮ ಲೆಕ್ಕ ಎಕರೆ ಮತ್ತು ಕ್ಯಾನಿನದು. ಹೆಕ್ಟೇರೆಂದರೆ ಸುಮಾರು ಎರಡೂವರೆ ಎಕರೆ. ಆಗ ಎಕರೆಗೆ 200 ಮಿ.ಲೀ. ಎಕರೆಗೆ 200 ಲೀಟರ್ ನೀರು ಬಳಸಿದರೆ, 16 ಲೀಟರಿನ ಕ್ಯಾನಿಗೆ 16 ಮಿ.ಲೀ. ಇದು ಲೆಕ್ಕದ ಮಾದರಿ ಮಾತ್ರ. ನಿಮ್ಮ ಔಷಧದ ಪ್ರಮಾಣ ಅದರ ಚೀಟಿಯಲ್ಲಿದೆ. ಮುಚ್ಚಳದಿಂದ ಅಳೆಯಬೇಡಿ.

ಯಾರಿಗೆ, ಏತಕ್ಕೆ ಎಂದು ತಿಳಿಯದೆ ಬರೆದುದೂ ದಂಡ, ಓದಿದುದೂ ದಂಡ. ಸಿಂಪಡಿಸುವ ಕೂಲಿಯಾಳಿಗೆ ಓದು ಬಾರದಿದ್ದರೆ, ಔಷಧ ಕಲಸುವ ಮೊದಲು ಚೀಟಿಯನ್ನು ಓದಿ ಹೇಳಿರಿ. ವಿಷ ಮೊದಲು ತಾಗುವುದು ಅವನ ಮೈಗೆ.