ಕಣಗದ್ದಲದ ನಿವಾರಣೆ ಮತ್ತು ಗ್ರಾಫಿಕ್ಸ್ ಕಾರ್ಡಿನ ಸದ್ವಿನಿಯೋಗ

ಮುಸ್ಸಂಜೆಯ ಮಂದವಾದ ದೀಪದ ಬೆಳಕಿನಲ್ಲಿ ಚಿತ್ರೀಕರಿಸಿದ ಪ್ರವಚನದ ವೀಡಿಯೋವೊಂದನ್ನು ದೊಡ್ಡ ಪರದೆಯ ಮೇಲೆ ನೋಡಿದರೆ, ಕತ್ತಲೆಯ ಭಾಗಗಳಲ್ಲೆಲ್ಲ ಸಣ್ಣ ಕಣಗಳು ಕದಡಿದ ಇರುವೆಗಳಂತೆ ಚಡಪಡಿಸುವುದು ಕಂಡುಬರುತ್ತದೆ. ಆಂಗ್ಲಭಾಷೆಯಲ್ಲಿ ಇದಕ್ಕೆ ನಾಯ್ಸ್ ಎಂದು ಹೆಸರು. ಕಿವಿಗೆ ಸಂಬಂಧಿಸಿದ ಪದವು ಲಕ್ಷಣಾರ್ಥದಿಂದ ಕಣ್ಣಿನ ವಿಷಯಕ್ಕೂ ಸಲ್ಲುತ್ತಿದೆ. ಕನ್ನಡದಲ್ಲಿ ಇದನ್ನು ‘ಕಣಗದ್ದಲ’ ಎಂದರೆ ಅರ್ಥವು ಸ್ಫುಟವಾದೀತು.

ಈ ದೋಷವನ್ನು ನಿವಾರಿಸಲು ಸಂಕಲನದ ತಂತ್ರಾಂಶಗಳಲ್ಲಿ ಸಾಧನಗಳುಂಟು. ಆದರೆ ಅವನ್ನು ಬಳಸತೊಡಗಿದೊಡನೆ ಗಣಕಯಂತ್ರವು ತೆವಳತೊಡಗುವುದು. ಗ್ರಾಫಿಕ್ಸ್ ಕಾರ್ಡಿನ ಮೆಮೊರಿ ತುಂಬಿತೆಂಬ ಎಚ್ಚರಿಕೆಯೂ ಮೂಡುವುದು. ಕೂಡಲೇ ಹೊಸ ಕಾರ್ಡನ್ನು ಕೊಳ್ಳಬೇಕೆಂಬ ಮಾತು ಹುಟ್ಟುತ್ತದೆ. ಸಾವಿರಾರು ರೂಪಾಯಿಗಳನ್ನು ವ್ಯಯಿಸುವುದಕ್ಕೆ ಮುನ್ನ, ಇರುವ ಕಾರ್ಡನ್ನೇ ಅಚ್ಚುಕಟ್ಟಾಗಿ ದುಡಿಸಿಕೊಳ್ಳುವ ಕ್ರಮವನ್ನು ವಿದ್ಯಾರ್ಥಿಗಳು ಅರಿತುಕೊಳ್ಳುವುದು ಲೇಸು.

ಕಣಗದ್ದಲದ ಮೂಲ

ಬೆಳಕು ಫೋಟಾನುಗಳೆಂಬ ಬಿಡಿಬಿಡಿಯಾದ ಕಣಗಳ ರೂಪದಲ್ಲಿ ಕ್ಯಾಮೆರಾದ ಸಂವೇದಕವನ್ನು ತಲುಪುತ್ತದೆ. ಮಳೆಯ ಹನಿಗಳು ಅಂಗಳದ ಎಲ್ಲ ಕಲ್ಲುಗಳ ಮೇಲೂ ಸಮಸಂಖ್ಯೆಯಲ್ಲಿ ಬೀಳದಿರುವಂತೆ, ಈ ಕಣಗಳ ಎಣಿಕೆಯಲ್ಲಿಯೂ ಏರುಪೇರು ಸಹಜ. ಆ ಏರುಪೇರು ಎಣಿಕೆಯ ವರ್ಗಮೂಲದಷ್ಟಿರುತ್ತದೆ. ಒಂದು ಬಿಂದುವಿಗೆ ಸರಾಸರಿ ೧೦,೦೦೦ ಕಣಗಳು ಬಂದರೆ ಏರುಪೇರು ಸುಮಾರು ೧೦೦, ಅಂದರೆ ನೂರರಲ್ಲಿ ಒಂದು ಪಾಲು. ೧೦೦ ಕಣಗಳು ಮಾತ್ರ ಬಂದರೆ ಏರುಪೇರು ೧೦, ಅಂದರೆ ಹತ್ತರಲ್ಲಿ ಒಂದು ಪಾಲು. ಬೆಳಕು ಕಡಿಮೆಯಾದಷ್ಟೂ ದೋಷವು ಎದ್ದು ಕಾಣುವುದಕ್ಕೆ ಇದೇ ಮುಖ್ಯ ಕಾರಣ. ಸಂವೇದಕದ ವಿದ್ಯುನ್ಮಂಡಲದಲ್ಲಿಯೇ ಹುಟ್ಟುವ ಅಲ್ಪಸ್ವಲ್ಪ ವ್ಯತ್ಯಾಸವೂ ಇದಕ್ಕೆ ಕೂಡಿಕೊಳ್ಳುತ್ತದೆ.

ನಿವಾರಣೆಯ ಎರಡು ಮಾರ್ಗಗಳು

ಮೊದಲನೆಯದು ಒಂದೇ ಬಿಡಿಚಿತ್ರದೊಳಗೆ ಪ್ರತಿಯೊಂದು ಬಿಂದುವನ್ನು ಅದರ ನೆರೆಹೊರೆಯ ಬಿಂದುಗಳೊಡನೆ ಹೋಲಿಸಿ ಸಮಗೊಳಿಸುವ ಮಾರ್ಗ. ಇದನ್ನು ಸ್ಪೇಷಿಯಲ್ ವಿಧಾನ ಎನ್ನುವರು. ಎರಡನೆಯದು ಒಂದು ಬಿಡಿಚಿತ್ರವನ್ನು ಅದರ ಹಿಂದುಮುಂದಿನ ಚಿತ್ರಗಳೊಡನೆ ಹೋಲಿಸುವ ಮಾರ್ಗ. ಇದು ಟೆಂಪೊರಲ್ ವಿಧಾನ.

ಎರಡನೆಯ ವಿಧಾನದ ಮರ್ಮವನ್ನು ಗ್ರಂಥಸಂಪಾದನೆಯ ದೃಷ್ಟಾಂತದಿಂದ ತಿಳಿಯಬಹುದು. ಒಂದೇ ಕೃತಿಯ ನಾಲ್ಕಾರು ಓಲೆಯ ಪ್ರತಿಗಳನ್ನು ಸಂಪಾದಕನು ಮುಂದಿಟ್ಟುಕೊಳ್ಳುತ್ತಾನೆ. ಒಬ್ಬ ಲಿಪಿಕಾರನ ಕೈತಪ್ಪು ಸ್ವತಂತ್ರವಾದ ಇನ್ನೊಂದು ಪ್ರತಿಯಲ್ಲಿ ಅದೇ ಸ್ಥಾನದಲ್ಲಿ ಇರುವುದು ವಿರಳ. ಶುದ್ಧಪಾಠವಾದರೋ ಬಹುತೇಕ ಎಲ್ಲದರಲ್ಲಿಯೂ ಇರುತ್ತದೆ. ಹಾಗೆಯೇ ಕಣಗದ್ದಲವು ಚಿತ್ರದಿಂದ ಚಿತ್ರಕ್ಕೆ ಬದಲಾಗುತ್ತದೆ. ಗೋಡೆ, ಕಂಬ, ಪೀಠಗಳು ಬದಲಾಗುವುದಿಲ್ಲ. ಸ್ಥಿರವಾದ ದೃಶ್ಯದ ೪ ಚಿತ್ರಗಳ ಸರಾಸರಿಯನ್ನು ತೆಗೆದರೆ ಗದ್ದಲವು ಅರ್ಧಕ್ಕೆ ಇಳಿಯುವುದು. ಮೂರರಲ್ಲಿ ಒಂದು ಪಾಲಿಗೆ ಇಳಿಸಲು ೯ ಚಿತ್ರಗಳು ಬೇಕು. ಆದರೆ ಪ್ರವಚನಕಾರರು ಕೈಯೆತ್ತಿದಾಗ ಬರಿಯ ಸರಾಸರಿಯಿಂದ ಕೈಯ ಹಿಂದೆ ನೆರಳಿನಂತಹ ಛಾಯೆ ಉಳಿದೀತು. ಆದುದರಿಂದ ಯಾವ ಬಿಂದು ಎಲ್ಲಿಗೆ ಚಲಿಸಿತೆಂಬುದನ್ನು ತಂತ್ರಾಂಶವು ಮೊದಲು ಊಹಿಸಬೇಕಾಗುತ್ತದೆ. ಹೆಚ್ಚಿನ ಶ್ರಮವಿರುವುದು ಇಲ್ಲಿಯೇ.

ಕಾರ್ಡಿನ ಮೇಲಿನ ಭಾರ

೩೮೪೦ ಅಗಲ, ೨೧೬೦ ಎತ್ತರದ ಒಂದು ಬಿಡಿಚಿತ್ರದಲ್ಲಿ ೮೨,೯೪,೪೦೦ ಬಿಂದುಗಳಿರುತ್ತವೆ. ಕ್ಷಣಕ್ಕೆ, ಎಂದರೆ ಒಂದು ಸೆಕೆಂಡಿಗೆ, ೨೫ ಚಿತ್ರಗಳು ಸಾಗಬೇಕಾದರೆ ಒಂದೊಂದು ಚಿತ್ರಕ್ಕೆ ದೊರೆಯುವ ಅವಧಿ ೪೦ ಮಿಲಿಸೆಕೆಂಡು ಮಾತ್ರ. ಗಣಕದ ಮುಖ್ಯ ಸಂಸ್ಕಾರಕವು ಕೆಲವೇ ಮಂದಿ ನುರಿತ ಕೆಲಸಗಾರರಿದ್ದಂತೆ. ಗ್ರಾಫಿಕ್ಸ್ ಕಾರ್ಡು ಒಂದೇ ಬಗೆಯ ಸರಳ ಕೆಲಸವನ್ನು ಏಕಕಾಲಕ್ಕೆ ಮಾಡುವ ಸಾವಿರಾರು ಆಳುಗಳ ಸಮೂಹವಿದ್ದಂತೆ. ಆಟದ ದೃಶ್ಯಗಳನ್ನು ಬಿಡಿಸಲು ಬೆಳೆದುಬಂದ ಈ ಕಾರ್ಡುಗಳನ್ನು ಇತರ ಗಣನೆಗಳಿಗೂ ಸುಲಭವಾಗಿ ಬಳಸುವ ಮಾರ್ಗವು ಎನ್ವಿಡಿಯಾ ಸಂಸ್ಥೆಯು ೨೦೦೭ರಲ್ಲಿ ಹೊರತಂದ ಕೂಡಾ ಎಂಬ ವ್ಯವಸ್ಥೆಯಿಂದ ವಿಶಾಲವಾಯಿತು.

ಆಳುಗಳಿದ್ದರೆ ಸಾಲದು, ಅವರು ಕುಳಿತು ದುಡಿಯಲು ಜಾಗವೂ ಬೇಕು. ಕಾರ್ಡಿನ ಸ್ವಂತ ಮೆಮೊರಿಯೇ ಆ ಜಾಗ. ಒಂದು ಬಿಂದುವಿಗೆ ೧೬ ಬೈಟುಗಳಂತೆ ಲೆಕ್ಕ ಹಿಡಿದರೆ ಮೇಲಿನ ಒಂದೇ ಚಿತ್ರವು ಸುಮಾರು ೧೩೩ ಮೆಗಾಬೈಟುಗಳನ್ನು ಆಕ್ರಮಿಸುತ್ತದೆ. ಹಿಂದುಮುಂದಿನ ಚಿತ್ರಗಳು, ಚಲನೆಯ ಲೆಕ್ಕಗಳು, ನಡುವಿನ ಫಲಿತಗಳು ಎಲ್ಲವೂ ಸೇರಿದಾಗ ಗಿಗಾಬೈಟು ತುಂಬಲು ತಡವಿಲ್ಲ. ೧೯೨೦ ಅಗಲ, ೧೦೮೦ ಎತ್ತರದ ಚಿತ್ರಕ್ಕೆ ಇದರ ನಾಲ್ಕರಲ್ಲಿ ಒಂದು ಪಾಲು, ಸುಮಾರು ೩೩ ಮೆಗಾಬೈಟು ಸಾಕು.

ದುಡಿಸಿಕೊಳ್ಳುವ ಕ್ರಮ

ಆಸ್ಟ್ರೇಲಿಯದ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಸಂಸ್ಥೆಯ ಡಾವಿಂಚಿ ರಿಸಾಲ್ವ್ ಎಂಬ ತಂತ್ರಾಂಶವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ ಉಚಿತ ಆವೃತ್ತಿಯಲ್ಲಿ ಈ ನಿವಾರಣೆಯ ಸಾಧನವಿಲ್ಲ. ಹಣ ತೆತ್ತು ಕೊಳ್ಳುವ ಸ್ಟುಡಿಯೋ ಆವೃತ್ತಿಯಲ್ಲಿದೆ.

ಮೊದಲು ರೋಗನಿದಾನ ನಡೆಯಬೇಕು. ವಿಂಡೋಸ್ ಗಣಕದ ಟಾಸ್ಕ್ ಮ್ಯಾನೇಜರಿನಲ್ಲಿ ಕಾರ್ಡಿನ ದುಡಿಮೆಯನ್ನೂ ಮೆಮೊರಿಯನ್ನೂ ನೋಡಬೇಕು. ಮೆಮೊರಿ ತುಂಬಿದ್ದರೆ ಕೊರತೆ ಜಾಗದ್ದು; ಮೆಮೊರಿ ಉಳಿದಿದ್ದು ದುಡಿಮೆ ಪೂರ್ಣವಾಗಿದ್ದರೆ ಕೊರತೆ ವೇಗದ್ದು; ಎರಡೂ ಕಡಿಮೆಯಿದ್ದರೆ ತಡೆಯು ಡಿಸ್ಕಿನಲ್ಲಿಯೋ ಮೂಲ ಕಡತವನ್ನು ಬಿಡಿಸುವಲ್ಲಿಯೋ ಇದ್ದೀತು. ಆಗ ಹೊಸ ಕಾರ್ಡಿನಿಂದ ಹೆಚ್ಚಿನ ಪ್ರಯೋಜನವಾಗದು.

ಎರಡನೆಯದಾಗಿ, ಪ್ರಿಫರೆನ್ಸಸ್ ಭಾಗದಲ್ಲಿ ಮೆಮೊರಿ ಮತ್ತು ಜಿಪಿಯು ಎಂಬ ಪುಟವನ್ನು ತೆರೆದು, ನಿಜವಾದ ಕಾರ್ಡೇ ಆಯ್ಕೆಯಾಗಿದೆಯೇ ಎಂದು ಪರೀಕ್ಷಿಸಬೇಕು. ಎನ್ವಿಡಿಯಾ ಕಾರ್ಡಿಗೆ ಕೂಡಾ, ಆಪಲ್ ಗಣಕಕ್ಕೆ ಮೆಟಲ್ ಎಂಬ ಪದ್ಧತಿ ತಕ್ಕದ್ದು. ಲ್ಯಾಪ್‌ಟಾಪು ಬ್ಯಾಟರಿಯ ಮೇಲೆ ನಡೆಯುವಾಗಲೂ, ಫ್ಯಾನಿಗೆ ಧೂಳು ಕಟ್ಟಿ ಕಾರ್ಡು ಕಾದಾಗಲೂ ವೇಗವು ತಾನಾಗಿ ಇಳಿಯುವುದೆಂಬುದನ್ನು ಮರೆಯಬಾರದು. ಬ್ರೌಸರಿನಂತಹ ಇತರ ತಂತ್ರಾಂಶಗಳನ್ನು ಮುಚ್ಚಿದರೆ ಅವು ಹಿಡಿದಿದ್ದ ಮೆಮೊರಿಯೂ ಬಿಡುಗಡೆಯಾಗುವುದು.

ಮೂರನೆಯದಾಗಿ, ಸಂಕಲನ ಮುಗಿಯುವವರೆಗೆ ನಿವಾರಣೆಯನ್ನು ಆರಿಸಿಡಬೇಕು. ಅಲ್ಲಿಯವರೆಗೆ ಟೈಮ್‌ಲೈನಿನ ಅಳತೆಯನ್ನು ೧೯೨೦ ಅಗಲ, ೧೦೮೦ ಎತ್ತರಕ್ಕೆ ಇಳಿಸಿಕೊಂಡರೂ ಬಾಧಕವಿಲ್ಲ. ಆದರೆ ನಿವಾರಣೆಯ ಪ್ರಮಾಣವನ್ನು ನಿಶ್ಚಯಿಸುವಾಗ ಅಂತಿಮ ಅಳತೆಯಲ್ಲಿಯೇ ನೋಡತಕ್ಕದ್ದು. ಕಿರಿದಾದ ಚಿತ್ರದಲ್ಲಿ ಗದ್ದಲವು ಅಡಗಿ ಕಣ್ಣನ್ನು ವಂಚಿಸುತ್ತದೆ.

ನಾಲ್ಕನೆಯದಾಗಿ, ಮಿತವಾಗಿ ಆರಂಭಿಸಬೇಕು. ಟೆಂಪೊರಲ್ ವಿಧಾನದಲ್ಲಿ ಹೋಲಿಕೆಗೆ ೫ರವರೆಗೆ ಚಿತ್ರಗಳನ್ನು ಆರಿಸಬಹುದಾದರೂ ೨ರಿಂದ ತೊಡಗಿ, ಸಾಲದೆ ಬಂದರೆ ೩ಕ್ಕೆ ಏರುವುದು ಜಾಣತನ. ಒಂದೆಡೆ ಕುಳಿತು ಮಾತನಾಡುವವರ ದೃಶ್ಯಕ್ಕೆ ಚಲನೆಯ ವ್ಯಾಪ್ತಿಯನ್ನು ಸ್ಮಾಲ್ ಎಂದೂ, ಊಹೆಯ ಬಗೆಯನ್ನು ಫಾಸ್ಟರ್ ಎಂದೂ ಇರಿಸಿದರೆ ಸಾಮಾನ್ಯವಾಗಿ ಸಾಕಾಗುತ್ತದೆ. ಉಳಿದ ಗದ್ದಲಕ್ಕೆ ಮಾತ್ರ ಸ್ಪೇಷಿಯಲ್ ವಿಧಾನವನ್ನು ಕಿರಿಯ ತ್ರಿಜ್ಯದಲ್ಲಿ ಸೇರಿಸಬೇಕು.

ಐದನೆಯದು, ಎಲ್ಲಕ್ಕಿಂತ ಫಲದಾಯಕವಾದುದು: ಮಾಡಿದ ಕೆಲಸವನ್ನು ಕಾಪಿಡುವುದು. ನಿವಾರಣೆಯನ್ನು ಮೊದಲ ನೋಡಿನಲ್ಲಿಯೇ ಇರಿಸಿ, ಆ ನೋಡಿಗೆ ಕ್ಯಾಶ್ ಎಂಬ ಸಂಗ್ರಹವನ್ನು ಆನ್ ಮಾಡಿ, ಪ್ಲೇಬ್ಯಾಕ್ ಮೆನುವಿನ ರೆಂಡರ್ ಕ್ಯಾಶನ್ನು ಯೂಸರ್ ಎಂದಿರಿಸಬೇಕು. ಆಗ ಶುದ್ಧಗೊಂಡ ಚಿತ್ರಗಳು ಒಮ್ಮೆ ಡಿಸ್ಕಿನಲ್ಲಿ ಸಂಗ್ರಹವಾಗಿ, ಮುಂದಿನ ನೋಡುಗಳಲ್ಲಿ ಬಣ್ಣವನ್ನು ಎಷ್ಟು ಸಲ ತಿದ್ದಿದರೂ ಮೊದಲಿನ ಶ್ರಮ ಮರುಕಳಿಸದು. ನಿವಾರಣೆಯನ್ನು ಕೊನೆಯಲ್ಲಿಟ್ಟರೆ ಬಣ್ಣದ ಪ್ರತಿಯೊಂದು ತಿದ್ದುಪಡಿಗೂ ಎಲ್ಲವನ್ನೂ ಹೊಸದಾಗಿ ಲೆಕ್ಕಿಸಬೇಕಾಗುವುದು. ಈ ಸಂಗ್ರಹವು ವೇಗವಾದ ಎಸ್‌ಎಸ್‌ಡಿಯಲ್ಲಿರುವುದು ಉಚಿತ.

ನೀಟ್ ವೀಡಿಯೋ ಎಂಬ ಪ್ರತ್ಯೇಕ ಸಾಧನವನ್ನು ಬಳಸುವವರು ಅದರ ಆಪ್ಟಿಮೈಸ್ ಪರೀಕ್ಷೆಯನ್ನು ಒಮ್ಮೆ ನಡೆಸಬೇಕು. ಸಂಸ್ಕಾರಕದ ಎಷ್ಟು ಭಾಗ ಮತ್ತು ಕಾರ್ಡು ಕೂಡಿ ದುಡಿದರೆ ವೇಗ ಹೆಚ್ಚೆಂಬುದನ್ನು ಅದು ಅಳೆದು ತೋರಿಸುತ್ತದೆ. ಎಲ್ಲವನ್ನೂ ಒಟ್ಟಿಗೆ ತೊಡಗಿಸುವುದೇ ಸದಾ ಶ್ರೇಷ್ಠವಲ್ಲವೆಂಬುದು ಆಗ ಮನದಟ್ಟಾದೀತು.

ಶುದ್ಧಿಯ ಎಲ್ಲೆ

ಅತಿಯಾದ ಶುದ್ಧಿಯಿಂದ ಕಾರ್ಡಿಗೂ ಭಾರ, ಚಿತ್ರಕ್ಕೂ ಹಾನಿ. ಅತ್ಯುತ್ಸಾಹಿಯಾದ ಸಂಪಾದಕನು ಕವಿಯ ಅಪರೂಪದ ಶಬ್ದವನ್ನೇ ಲಿಪಿಕಾರನ ತಪ್ಪೆಂದು ಭ್ರಮಿಸಿ ಅಳಿಸಿಬಿಡುವುದುಂಟು. ಅದರಂತೆ ಮಿತಿಮೀರಿದ ನಿವಾರಣೆಯು ಹಿರಿಯರ ಮುಖದ ಸುಕ್ಕುಗಳನ್ನೂ, ಹಣೆಯ ವಿಭೂತಿಯ ನವಿರನ್ನೂ, ಕಾವಿಬಟ್ಟೆಯ ನೇಯ್ಗೆಯನ್ನೂ ಒರಸಿ ಮುಖವನ್ನು ಮೇಣದ ಬೊಂಬೆಯಂತೆ ಮಾಡುತ್ತದೆ. ಬಣ್ಣದ ಗದ್ದಲವನ್ನು ತುಸು ಬಿಗಿಯಾಗಿ ಅಡಗಿಸಿ, ಬೆಳಕು-ನೆರಳಿನ ಗದ್ದಲವನ್ನು ಹಗುರಾಗಿ ಮುಟ್ಟಿದರೆ ಈ ನಷ್ಟವು ತಪ್ಪುವುದು. ಎರಡರ ಪ್ರಮಾಣವನ್ನೂ ಬೇರೆಬೇರೆಯಾಗಿ ತಿದ್ದುವ ಅನುಕೂಲವು ತಂತ್ರಾಂಶದಲ್ಲಿದೆ. ಮಾತನಾಡಿದವರು ಇಂದು ಇಲ್ಲವಾಗಿದ್ದರೆ ಅವರ ಚಿತ್ರವನ್ನು ಮತ್ತೆ ತೆಗೆಯಲಾಗದು. ಆದುದರಿಂದ ಮೂಲ ಕಡತವನ್ನು ಎಂದಿಗೂ ಅಳಿಸಕೂಡದು. ಮುಂದಿನ ತಲೆಮಾರಿನವರು ಇನ್ನೂ ಉತ್ತಮವಾದ ಸಾಧನದಿಂದ ಅದನ್ನು ಶುದ್ಧಗೊಳಿಸಿಯಾರು.

ಚಿತ್ರೀಕರಣದ ವೇಳೆಯಲ್ಲಿಯೇ ಇನ್ನೊಂದು ದೀಪವನ್ನು ಹೊತ್ತಿಸಿಟ್ಟರೆ ಕಾರ್ಡಿನ ಎಷ್ಟೋ ಗಂಟೆಗಳ ದುಡಿಮೆ ಉಳಿಯುವುದು. ಯಂತ್ರದ ಕಾಯಕಕ್ಕೂ ಮನುಷ್ಯನ ವಿವೇಕವೇ ಮೊದಲು ದಾರಿ ತೋರಬೇಕಾಗಿದೆ.